ಲವಣದ ದ್ರಾವಣದಲ್ಲಿ ಕರೆಂಟ್ ಹೇಗೆ ಹರಿಯುತ್ತದೆ? ಮಾಡಿ ನೋಡಿ ತಿಳಿಯಲು ಒಂದು ಸಮಗ್ರ ಮಾರ್ಗದರ್ಶಿ

ತಾಮ್ರದ ತಂತಿಯಲ್ಲಿ ಹರಿಯುವುದು ಎಲೆಕ್ಟ್ರಾನ್. ಅದೇ ತಂತಿಯ ಎರಡು ತುದಿಗಳನ್ನು ಲವಣ ಕರಗಿಸಿದ ನೀರಿಗೆ ಇಳಿಸಿದರೆ ನೀರಿನೊಳಗೂ ಕರೆಂಟ್ ಹರಿಯುತ್ತದೆ. ಹಾಗಂತ ಎಲೆಕ್ಟ್ರಾನ್ ನೀರಿನಲ್ಲಿ ಈಜಿಕೊಂಡು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಅದು ತಂತಿಯ ತುದಿಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹೊರುವ ಕೆಲಸ ಅಯಾನುಗಳದ್ದು, ಅಂದರೆ ಧನ ಅಥವಾ ಋಣ ಆವೇಶ ಇರುವ ಕಣಗಳದ್ದು.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ದ್ರಾವಣದ ನಡುವೆ ಕರೆಂಟನ್ನು ಹೊರುವವರು ಯಾರು? ವಿದ್ಯುದ್ವಾರದ (ದ್ರಾವಣಕ್ಕೆ ಇಳಿಸಿದ ತಂತಿ ಅಥವಾ ಕಡ್ಡಿಯ) ಮೈಮೇಲೆ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವವರು ಯಾರು? ಇವೆರಡಕ್ಕೂ ಉತ್ತರ ಒಂದೇ ಅಂದುಕೊಂಡರೆ ವಿದ್ಯುದ್ವಿಭಜನೆಯ (ಕರೆಂಟ್ ಹರಿಸಿ ವಸ್ತುವನ್ನು ಒಡೆಯುವುದರ) ಅರ್ಧ ವಿಷಯ ಗೊಂದಲವಾಗಿಯೇ ಉಳಿಯುತ್ತದೆ. ಹೆಚ್ಚಿನ ಸಲ ಹೊರುವವರೇ ಬೇರೆ, ಕೊಟ್ಟು ತೆಗೆದುಕೊಳ್ಳುವವರೇ ಬೇರೆ. ಈ ಮಾರ್ಗದರ್ಶಿಯ ಪ್ರಯೋಗಗಳೆಲ್ಲ ಆ ಇಬ್ಬರನ್ನು ಬೇರೆ ಮಾಡಿ ನೋಡುವುದಕ್ಕೇ ಇರುವುದು.

ಬ್ಯಾಟರಿ ಅಯಾನುಗಳನ್ನು ಹುಟ್ಟಿಸುವುದಿಲ್ಲ

ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಲವಣದ ಹರಳಿನಲ್ಲಿ ಧನ ಅಯಾನು, ಋಣ ಅಯಾನು ಎರಡೂ ಮೊದಲಿನಿಂದಲೇ ಇರುತ್ತವೆ. ಆದರೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಜಾಗದಲ್ಲೇ ಕೂತಿರುತ್ತವೆ. ಅದಕ್ಕೇ ಒಣ ಹರಳಿನಲ್ಲಿ ಕರೆಂಟ್ ಹರಿಯುವುದಿಲ್ಲ. ನೀರಿಗೆ ಹಾಕಿದಾಗ ನೀರಿನ ಅಣುಗಳು ಒಂದೊಂದು ಅಯಾನನ್ನೂ ಸುತ್ತುವರಿದು ಬಿಡಿಸಿಕೊಂಡು ಹೋಗುತ್ತವೆ. ಕರಗಿಸುವುದರ ಬದಲು ಕಾಯಿಸಿ ದ್ರವ ಮಾಡಿದರೂ ಅಯಾನುಗಳು ಬಿಡುಗಡೆಯಾಗುತ್ತವೆ. ಸಾಮಾನ್ಯ ಉಪ್ಪು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ಒಂದು ಹನಿ ನೀರಿಲ್ಲದೆಯೂ ಕರೆಂಟ್ ಹರಿಸುತ್ತದೆ.

ಇಂದು ಇದು ಸರಳವಾಗಿ ಕಾಣುತ್ತದೆ. ಆದರೆ ಕರೆಂಟ್ ಹರಿದಾಗಲೇ ಲವಣ ಒಡೆಯುತ್ತದೆ ಅನ್ನುವ ನಂಬಿಕೆ ಬಹಳ ಕಾಲ ಇತ್ತು. ಸುಮ್ನೆ ಕರಗಿಸಿಟ್ಟರೂ ಅಯಾನುಗಳು ಬಿಡಿಯಾಗಿ ಇರುತ್ತವೆ ಅನ್ನುವ ವಾದವನ್ನು ಬೆಳೆಸಿದವರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. 1884ರಲ್ಲಿ ಅವರು ಸಲ್ಲಿಸಿದ ಡಾಕ್ಟರೇಟ್ ಪ್ರಬಂಧಕ್ಕೆ ಪರೀಕ್ಷಕರು ಕೊಟ್ಟಿದ್ದು ಕೆಳದರ್ಜೆ. ಅದೇ ಕೆಲಸ ಬೆಳೆದು 1903ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಏನೇನು ಬೇಕು

ಒಂದು ಬೀಕರ್, ಎರಡು ಗ್ರಾಫೈಟ್ ಕಡ್ಡಿ (2 ಮಿಲಿಮೀಟರ್ ದಪ್ಪದ ಪೆನ್ಸಿಲ್ ಕಡ್ಡಿ ಸಾಕು), ಕ್ಲಿಪ್ ಇರುವ ತಂತಿಗಳು, ಒಂದು ಮಲ್ಟಿಮೀಟರ್, ಭಟ್ಟಿ ಇಳಿಸಿದ ನೀರು. ವೋಲ್ಟೇಜನ್ನು 0ಯಿಂದ 12ರವರೆಗೆ ಏರಿಳಿಸಬಹುದಾದ ಡಿಸಿ ಪವರ್ ಸಪ್ಲೈ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 9 ವೋಲ್ಟ್ ಬ್ಯಾಟರಿಯಲ್ಲಿ ಎರಡನೇ ಮತ್ತು ಐದನೇ ಹಂತ ಬಿಟ್ಟು ಉಳಿದವನ್ನು ಮಾಡಬಹುದು. ಗೋಡೆಯ ಪ್ಲಗ್ಗಿನ ಕರೆಂಟನ್ನು ಯಾವ ಕಾರಣಕ್ಕೂ ನೇರವಾಗಿ ನೀರಿಗೆ ತರಬೇಡಿ. ಅದು ಜೀವಕ್ಕೇ ಅಪಾಯ.

ಲವಣ ಯಾವುದು? ಇಲ್ಲಿ ನಾನು ಸೋಡಿಯಂ ಸಲ್ಫೇಟ್ ಆರಿಸಿಕೊಂಡಿದ್ದೇನೆ. ಅಡುಗೆ ಉಪ್ಪು ಕೈಗೆ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಅದರ ದ್ರಾವಣದಲ್ಲಿ ಆನೋಡ್ (ಧನ ತುದಿಗೆ ಜೋಡಿಸಿದ ಕಡ್ಡಿ) ಹತ್ತಿರ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡುವುದು ಒಳ್ಳೆಯದಲ್ಲ. ಅಡುಗೆ ಸೋಡಾ ಹಾಕಿದರೆ ಗುಳ್ಳೆ ಚೆನ್ನಾಗಿ ಬರುತ್ತದೆ, ಆದರೆ ಅದು ಆಮ್ಲವನ್ನೂ ಪ್ರತ್ಯಾಮ್ಲವನ್ನೂ ಹೀರಿಕೊಂಡುಬಿಡುವುದರಿಂದ ಮುಂದೆ ನೋಡಬೇಕಾದ ಬಣ್ಣದ ಬದಲಾವಣೆ ಕಾಣುವುದೇ ಇಲ್ಲ. ಸೋಡಿಯಂ ಸಲ್ಫೇಟಿನಲ್ಲಿ ಈ ಎರಡೂ ತೊಂದರೆ ಇಲ್ಲ.

200 ಮಿಲಿಲೀಟರ್ ನೀರಿಗೆ ನೀರಿಲ್ಲದ ಬಿಳಿ ಪುಡಿಯಾದರೆ 2.8 ಗ್ರಾಂ, ನೀರನ್ನು ಒಳಗಿಟ್ಟುಕೊಂಡ ದೊಡ್ಡ ಹರಳಾದರೆ 6.4 ಗ್ರಾಂ ಬೇಕು. ಡಬ್ಬಿಯ ಮೇಲೆ ಯಾವುದೆಂದು ಬರೆದಿರುತ್ತದೆ, ನೋಡಿಕೊಳ್ಳಿ.

ಬಣ್ಣ ನೋಡಲು, ಆಮ್ಲ ಪ್ರತ್ಯಾಮ್ಲಕ್ಕೆ ತಕ್ಕಂತೆ ಬಣ್ಣ ಬದಲಿಸುವ ಬ್ರೋಮೋಥೈಮಾಲ್ ಬ್ಲೂ ಸೂಚಕ ಬೇಕು. ಚಲನೆ ನೋಡಲು ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ಕೆಲವು ಹರಳು, ಕೊನೆಯ ಲೆಕ್ಕಕ್ಕೆ ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಎರಡು ತಾಮ್ರದ ತಗಡು, 0.01 ಗ್ರಾಂವರೆಗೆ ತೋರಿಸುವ ತಕ್ಕಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಹುಟ್ಟುವ ಅನಿಲದಲ್ಲಿ ಹೈಡ್ರೋಜನ್ ಇರುವುದರಿಂದ ಪಾತ್ರೆಯನ್ನು ಮುಚ್ಚಬೇಡಿ, ಹತ್ತಿರ ಬೆಂಕಿ ತರಬೇಡಿ.

ಹಂತ 1: ಒಣ ಪುಡಿ, ಬರೀ ನೀರು, ಕರಗಿದ ಲವಣ

ಬ್ಯಾಟರಿ, ಮೀಟರ್, ಎರಡು ಕಡ್ಡಿ, ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಜೋಡಿಸಿ. ಮೀಟರಿನ ತಂತಿಯನ್ನು ಮೊದಲು 10 ಆಂಪಿಯರ್ ಎಂದಿರುವ ತೂತಿಗೇ ಹಾಕಿ. ಮಿಲಿ ಆಂಪಿಯರ್ ತೂತಿನ ಹಿಂದೆ ಸಣ್ಣ ಫ್ಯೂಸ್ ಇರುತ್ತದೆ. ದ್ರಾವಣ ಗಟ್ಟಿಯಿದ್ದು ಕಡ್ಡಿಗಳು ಹತ್ತಿರವಿದ್ದರೆ ಕೆಲವು ನೂರು ಮಿಲಿ ಆಂಪಿಯರ್ ಹರಿದು ಅದು ಸುಟ್ಟುಹೋಗಬಹುದು.

ಒಣ ಪುಡಿಗೆ ಕಡ್ಡಿ ತಾಗಿಸಿ: ಸೊನ್ನೆ. ಭಟ್ಟಿ ಇಳಿಸಿದ ನೀರಿಗೆ ಇಳಿಸಿ: ಹೆಚ್ಚುಕಡಿಮೆ ಸೊನ್ನೆ. ಪೂರ್ತಿ ಅಲ್ಲ, ಯಾಕೆಂದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ನೀರಿನಲ್ಲಿ ಒಂದಿಷ್ಟು ಅಯಾನುಗಳು ಇದ್ದೇ ಇರುತ್ತವೆ. ಈಗ ಚಿಟಿಕೆ ಲವಣ ಹಾಕಿ, ಕಲಕಬೇಡಿ. ಪುಡಿ ತಳಕ್ಕೆ ಕೂತು ನಿಧಾನವಾಗಿ ಕರಗುವಾಗ ಅಂಕಿ ಮೆಲ್ಲಗೆ ಏರುತ್ತದೆ. ಕಲಕಿದ ಕೂಡಲೇ ಜಿಗಿಯುತ್ತದೆ. ಇನ್ನೊಂದು ಚಿಟಿಕೆ, ಇನ್ನೂ ಜಾಸ್ತಿ. ಹಾಕುತ್ತಾ ಹೋದಂತೆ ಏರಿಕೆ ಮಂದವಾಗುತ್ತದೆ. ಅಯಾನುಗಳು ದಟ್ಟವಾದಷ್ಟೂ ಒಂದರ ಎಳೆತ ಇನ್ನೊಂದಕ್ಕೆ ಅಡ್ಡಿಯಾಗುತ್ತದೆ. ನೀರು ಬೆಚ್ಚಗಿದ್ದರೆ ಕರೆಂಟ್ ಹೆಚ್ಚು: ಒಂದೊಂದು ಡಿಗ್ರಿಗೆ ದ್ರಾವಣದ ವಾಹಕತೆ ಸುಮಾರು ಶೇಕಡಾ 2ರಷ್ಟು ಏರುತ್ತದೆ.

ಹಂತ 2: ವೋಲ್ಟೇಜನ್ನು ಮೆಲ್ಲಗೆ ಏರಿಸಿ

ಮೇಲೆ ಹೇಳಿದ ಅಳತೆಯ ದ್ರಾವಣ ತಯಾರಿಸಿ, ಕಡ್ಡಿಗಳ ನಡುವೆ 4 ಸೆಂಟಿಮೀಟರ್ ಜಾಗ ಬಿಟ್ಟು ನಿಲ್ಲಿಸಿ. 0ಯಿಂದ ಶುರುಮಾಡಿ ಅರ್ಧ ಅರ್ಧ ವೋಲ್ಟ್ ಏರಿಸುತ್ತಾ, ಪ್ರತಿ ಸಲ ಅರ್ಧ ನಿಮಿಷ ಕಾದು ಕರೆಂಟ್ ಬರೆದುಕೊಳ್ಳಿ.

ತಂತಿಯಾಗಿದ್ದರೆ ವೋಲ್ಟೇಜ್ ಏರಿದಂತೆ ಕರೆಂಟೂ ಲೆಕ್ಕದಂತೆ ಏರುತ್ತಿತ್ತು. ಇಲ್ಲಿ ಹಾಗಲ್ಲ. 1 ವೋಲ್ಟಿನಲ್ಲಿ ಅಂಕಿ ಒಂದು ಕ್ಷಣ ಹಾರಿ ತಕ್ಷಣ ಕುಸಿಯುತ್ತದೆ. ಸುಮಾರು 2 ವೋಲ್ಟ್ ದಾಟುವವರೆಗೂ ಹೇಳಿಕೊಳ್ಳುವಂಥ ಕರೆಂಟ್ ಇಲ್ಲ. ಅಲ್ಲಿಂದ ಮುಂದೆ ಗುಳ್ಳೆ ಶುರುವಾಗಿ, ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಗೆರೆ ಹೆಚ್ಚುಕಡಿಮೆ ನೇರವಾಗಿ ಮೇಲೇರುತ್ತದೆ.

ಆ ಕ್ಷಣದ ಹಾರಾಟವನ್ನು ಗಮನಿಸಿ. ವೋಲ್ಟೇಜ್ ಕೊಟ್ಟ ಕೂಡಲೇ ಧನ ಅಯಾನುಗಳು ಋಣ ತುದಿಯ ಕಡ್ಡಿಯಾದ ಕ್ಯಾಥೋಡಿನ ಕಡೆಗೂ ಋಣ ಅಯಾನುಗಳು ಆನೋಡಿನ ಕಡೆಗೂ ಸರಿದವು. ಅದೇ ಆ ಕ್ಷಣದ ಕರೆಂಟ್. ಆದರೆ ಅಲ್ಲಿ ಎಲೆಕ್ಟ್ರಾನ್ ಕೊಡುಕೊಳ್ಳುವಿಕೆ ನಡೆಯಲಿಲ್ಲ. ಅಯಾನುಗಳು ಕಡ್ಡಿಯ ಮೈಗೆ ಪದರದಂತೆ ಒತ್ತಿ ನಿಂತವು, ಆ ಪದರವೇ ವೋಲ್ಟೇಜನ್ನೆಲ್ಲ ತಿಂದುಹಾಕಿತು, ದ್ರಾವಣದ ನಡುವೆ ಎಳೆತ ಉಳಿಯಲಿಲ್ಲ. ನೀರನ್ನು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು. ಗ್ರಾಫೈಟಿನ ಮೇಲೆ ಗುಳ್ಳೆ ಹುಟ್ಟಿಸುವುದು ಸುಲಭವಲ್ಲದ್ದರಿಂದ ನಿಜದಲ್ಲಿ ಅದಕ್ಕಿಂತ ಸಾಕಷ್ಟು ಜಾಸ್ತಿ ಕೊಡಬೇಕಾಗುತ್ತದೆ.

ಅಂದರೆ ಹೊರುವವರಿದ್ದರೆ ಸಾಲದು, ಎರಡೂ ತುದಿಯಲ್ಲಿ ಎಲೆಕ್ಟ್ರಾನ್ ಕೊಡುವವರು ಮತ್ತು ತೆಗೆದುಕೊಳ್ಳುವವರು ಬೇಕು. ಆಗಲೇ ಕರೆಂಟ್ ನಿಲ್ಲದೆ ಹರಿಯುವುದು.

ಹಂತ 3: ತುದಿಗಳಲ್ಲಿ ನಡೆಯುವುದನ್ನು ಬಣ್ಣದಲ್ಲಿ ನೋಡಿ

ದ್ರಾವಣಕ್ಕೆ ಬ್ರೋಮೋಥೈಮಾಲ್ ಬ್ಲೂ ಕೆಲವು ಹನಿ ಹಾಕಿ. ನೀರು ಹಸಿರಾಗಬೇಕು. ಹಳದಿಯಿದ್ದರೆ ಸ್ವಲ್ಪ ಆಮ್ಲ ಇದೆ ಎಂದರ್ಥ, ನೀರನ್ನು ಕುದಿಸಿ ಆರಿಸಿ ಮತ್ತೆ ಮಾಡಿ. 9 ವೋಲ್ಟ್ ಕೊಟ್ಟು ಬೀಕರನ್ನು ಅಲುಗಿಸದೆ ಬಿಡಿ.

ಬ್ಯಾಟರಿಯ ಋಣ ತುದಿಗೆ ಜೋಡಿಸಿದ ಕಡ್ಡಿ ಕ್ಯಾಥೋಡ್. ಅದರ ಸುತ್ತ ಮೊದಲು ಗುಳ್ಳೆ, ಆಮೇಲೆ ಗುಳ್ಳೆಯ ಜೊತೆಗೇ ಮೇಲೇರುವ ನೀಲಿ ಎಳೆಗಳು. ಧನ ತುದಿಯ ಆನೋಡ್ ಸುತ್ತ ಹಳದಿ. ಕೆಲವು ನಿಮಿಷಕ್ಕೆ ಬೀಕರ್ ಎರಡು ಹೋಳು: ಒಂದು ಕಡೆ ನೀಲಿ, ಒಂದು ಕಡೆ ಹಳದಿ, ನಡುವೆ ಹಸಿರು.

ಕ್ಯಾಥೋಡಿನಲ್ಲಿ ನೀರಿನ ಅಣುಗಳು ಎಲೆಕ್ಟ್ರಾನ್ ತೆಗೆದುಕೊಂಡು ಹೈಡ್ರೋಜನ್ ಅನಿಲವಾಗುತ್ತವೆ, ಹೈಡ್ರಾಕ್ಸೈಡ್ ಅಯಾನು ಉಳಿಯುತ್ತದೆ. ಅದು ಪ್ರತ್ಯಾಮ್ಲ, ಅದಕ್ಕೆ ನೀಲಿ. ಆನೋಡಿನಲ್ಲಿ ನೀರಿನ ಅಣುಗಳು ಎಲೆಕ್ಟ್ರಾನ್ ಕೊಟ್ಟು ಆಮ್ಲಜನಕವಾಗುತ್ತವೆ, ಹೈಡ್ರೋಜನ್ ಅಯಾನು ಉಳಿಯುತ್ತದೆ. ಅದು ಆಮ್ಲ, ಅದಕ್ಕೆ ಹಳದಿ.

ಸೋಡಿಯಂ ಎಲ್ಲೂ ಲೋಹವಾಗಲಿಲ್ಲ, ಸಲ್ಫೇಟ್ ಹಾಗೇ ಉಳಿಯಿತು. ಸೋಡಿಯಂ ಅಯಾನಿಗೆ ಎಲೆಕ್ಟ್ರಾನ್ ಹಿಡಿಸಲು ಬೇಕಾದ ಎಳೆತ ನೀರಿಗೆ ಬೇಕಾದ್ದಕ್ಕಿಂತ ತುಂಬಾ ಹೆಚ್ಚು, ಅದಕ್ಕೇ ನೀರು ಮೊದಲು ಮುಂದೆ ಬರುತ್ತದೆ. ಹಾಗಾದರೆ ಸೋಡಿಯಂ ಸಲ್ಫೇಟ್ ಮಾಡಿದ ಕೆಲಸವೇನು? ನಡುವಿನ ಹೊರೆಯನ್ನೆಲ್ಲ ಹೊತ್ತಿದ್ದು ಅದೇ. ಇದನ್ನು ನಾಲ್ಕನೇ ಹಂತದ ಕೊನೆಯಲ್ಲಿ ಲೆಕ್ಕ ಹಾಕಿಯೇ ನೋಡೋಣ.

ಕರೆಂಟ್ ನಿಲ್ಲಿಸಿ, ಕಡ್ಡಿ ತೆಗೆದು, ಬೀಕರನ್ನು ಚೆನ್ನಾಗಿ ಕಲಕಿ. ನೀರು ಮತ್ತೆ ಹಸಿರಿನ ಹತ್ತಿರಕ್ಕೆ ಬರುತ್ತದೆ. ಒಂದು ಕಡೆ ಹುಟ್ಟಿದ ಆಮ್ಲ, ಇನ್ನೊಂದು ಕಡೆ ಹುಟ್ಟಿದ ಪ್ರತ್ಯಾಮ್ಲ ಎರಡೂ ಸಮ ಇದ್ದವು ಎನ್ನುವುದಕ್ಕೆ ಇದೇ ಸಾಕ್ಷಿ. ಸ್ವಲ್ಪ ಹಳದಿ ಕಡೆಗೆ ವಾಲಿದ್ದರೆ ಗಾಬರಿ ಬೇಡ. ಆನೋಡಿನ ಗ್ರಾಫೈಟ್ ಒಂದಿಷ್ಟು ಉರಿದು ಕಾರ್ಬನ್ ಡೈಆಕ್ಸೈಡ್ ಆಗಿ ನೀರಿಗೆ ಸೇರಿರುತ್ತದೆ.

ಹಂತ 4: ಅಯಾನು ಓಡುವುದನ್ನು ಕಣ್ಣಾರೆ ನೋಡಿ

ಸೋಡಿಯಂಗೂ ಸಲ್ಫೇಟಿಗೂ ಬಣ್ಣವಿಲ್ಲ. ಹಾಗಾಗಿ ಬಣ್ಣವಿರುವ ಪರ್ಮ್ಯಾಂಗನೇಟ್ ಅಯಾನನ್ನು ಬಳಸೋಣ. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯ ಅಳತೆಗೆ ಸೋಸು ಕಾಗದ ಕತ್ತರಿಸಿ, ತೆಳುವಾದ ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ನೆನೆಸಿ, ಗಾಜಿನ ಮೇಲೆ ಹರಡಿ. ಎರಡೂ ತುದಿಗೆ ಕ್ಲಿಪ್ ಹಾಕಿ. ಕಾಗದ ತೇವವಿರಬೇಕು, ಮೇಲೆ ನೀರು ನಿಂತಿರಬಾರದು. ನಿಂತಿದ್ದರೆ ಬಣ್ಣ ಸುಮ್ನೆ ಎತ್ತೆತ್ತಲೋ ಹರಿಯುತ್ತದೆ. ಸರಿಯಾಗಿ ನಡುವೆ ಒಂದೇ ಒಂದು ಪುಟ್ಟ ಹರಳು ಇಟ್ಟು 9 ವೋಲ್ಟ್ ಕೊಡಿ. ಪರ್ಮ್ಯಾಂಗನೇಟ್ ತಾಗಿದಲ್ಲೆಲ್ಲ ಕಂದು ಕಲೆ ಬೀಳುತ್ತದೆ, ಚಿಮಟದಲ್ಲೇ ಹಿಡಿಯಿರಿ.

ಮೊದಲು ಹರಳಿನ ಸುತ್ತ ನೇರಳೆ ಚುಕ್ಕೆ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಅದು ಬರೀ ವಿಸರಣೆ, ಕರೆಂಟ್ ಇಲ್ಲದಿದ್ದರೂ ಆಗುವಂಥದ್ದು. 10-15 ನಿಮಿಷದಲ್ಲಿ ಚುಕ್ಕೆ ಧನ ತುದಿಯ ಕಡೆಗೆ ಬಾಲ ಚಾಚುತ್ತದೆ. ತಂತಿಗಳನ್ನು ಅದಲುಬದಲು ಮಾಡಿದರೆ ಹಿಂದಕ್ಕೆ ತಿರುಗುತ್ತದೆ. ಅದೇ ಹೊತ್ತಿನಲ್ಲಿ ಬಣ್ಣವಿಲ್ಲದ ಪೊಟ್ಯಾಸಿಯಂ ಅಯಾನುಗಳು ಎದುರು ದಿಕ್ಕಿಗೆ ಹೋಗುತ್ತಿರುತ್ತವೆ, ನಮಗೆ ಕಾಣುವುದಿಲ್ಲ ಅಷ್ಟೇ.

ಎಷ್ಟು ನಿಧಾನ ನೋಡಿದಿರಾ? ಒಂದು ಸೆಂಟಿಮೀಟರಿಗೆ 1 ವೋಲ್ಟ್ ಎಳೆತವಿದ್ದರೆ, 25 ಡಿಗ್ರಿಯಲ್ಲಿ ಸೋಡಿಯಂ ಅಯಾನು ಸೆಕೆಂಡಿಗೆ ಸುಮಾರು 5 ಮೈಕ್ರೋಮೀಟರ್ ಹೋಗುತ್ತದೆ. ಅಂದರೆ ಗಂಟೆಗೆ 2 ಸೆಂಟಿಮೀಟರೂ ಇಲ್ಲ. ಕ್ಲೋರೈಡ್ ಸುಮಾರು 8, ಹೈಡ್ರಾಕ್ಸೈಡ್ 20ರ ಆಸುಪಾಸು, ಹೈಡ್ರೋಜನ್ ಅಯಾನು 36. ಸೋಡಿಯಂಗಿಂತ ಚಿಕ್ಕದಾದ ಲಿಥಿಯಂ ಇನ್ನೂ ಜೋರಾಗಿ ಓಡಬೇಕಿತ್ತು ಅಲ್ವಾ? ಇಲ್ಲ, ಅದರದ್ದು ಬರೀ 4. ಚಿಕ್ಕ ಅಯಾನು ನೀರಿನ ಅಣುಗಳನ್ನು ಬಿಗಿಯಾಗಿ ಅಂಟಿಸಿಕೊಂಡು, ಆ ಹೊರೆಯ ಸಮೇತ ನಡೆಯಬೇಕಾಗುತ್ತದೆ. ಹೈಡ್ರೋಜನ್ ಅಯಾನಿನ ಗುಟ್ಟೇ ಬೇರೆ. ಕಟ್ಟಡದ ಕೆಲಸದಲ್ಲಿ ಸಾಲಾಗಿ ನಿಂತವರು ಬಾಣಲಿಯನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ, ನೀರಿನ ಒಂದು ಅಣು ಇನ್ನೊಂದಕ್ಕೆ ಪ್ರೋಟಾನ್ ದಾಟಿಸುತ್ತದೆ. ಯಾರೂ ಅಷ್ಟು ದೂರ ನಡೆಯುವುದಿಲ್ಲ. ಹೀಗೆ ಕೈ ದಾಟಿಸುವ ಯೋಚನೆಯನ್ನು 1806ರಲ್ಲೇ ಮುಂದಿಟ್ಟವರು ಗ್ರೋಥಸ್ ಎಂಬ ವಿಜ್ಞಾನಿ.

ಇಷ್ಟು ನಿಧಾನವಾದರೆ ಸ್ವಿಚ್ ಹಾಕಿದ ತಕ್ಷಣ ಮೀಟರ್ ಅಲುಗಾಡುವುದು ಹೇಗೆ? ಯಾವ ಅಯಾನೂ ಈ ತುದಿಯಿಂದ ಆ ತುದಿಗೆ ತಲುಪುವವರೆಗೆ ಕಾಯಬೇಕಿಲ್ಲ. ಎಳೆತ ದ್ರಾವಣದ ಉದ್ದಕ್ಕೂ ಒಟ್ಟಿಗೇ ಬೀಳುತ್ತದೆ, ಎಲ್ಲವೂ ಒಟ್ಟಿಗೇ ಹೊರಡುತ್ತವೆ.

ಇನ್ನೊಂದು ಸಂಶಯ ಬರುವುದುಂಟು: ಧನ ಈ ಕಡೆ, ಋಣ ಆ ಕಡೆ ಹೋದರೆ ಒಂದರ ಕೆಲಸ ಇನ್ನೊಂದು ಹಾಳುಮಾಡುವುದಿಲ್ಲವೇ? ಇಲ್ಲ. ಋಣ ಆವೇಶ ಹಿಂದಕ್ಕೆ ಹೋಗುವುದೂ ಧನ ಆವೇಶ ಮುಂದಕ್ಕೆ ಹೋಗುವುದೂ ಲೆಕ್ಕದಲ್ಲಿ ಒಂದೇ. ಎರಡೂ ಕೂಡುತ್ತವೆ.

ಈಗ ಆ ಲೆಕ್ಕ. ಮೂರನೇ ಹಂತದ ಬೀಕರಿನ ನಡುವೆ ಒಂದು ಗೆರೆ ಇದೆ ಎಂದುಕೊಳ್ಳಿ. ತಂತಿಯಿಂದ 1000 ಎಲೆಕ್ಟ್ರಾನ್ ಕ್ಯಾಥೋಡಿಗೆ ಬಂದವು. ಅಲ್ಲಿ 1000 ಹೈಡ್ರಾಕ್ಸೈಡ್ ಹುಟ್ಟಿತು, ಅಂದರೆ ಕ್ಯಾಥೋಡಿನ ಪಾಲಿಗೆ 1000 ಋಣ ಆವೇಶ ಜಾಸ್ತಿಯಾಯಿತು. ಸೋಡಿಯಂ ಸಲ್ಫೇಟಿನಲ್ಲಿ ಕರೆಂಟಿನ ಸುಮಾರು ಶೇಕಡಾ 38ನ್ನು ಸೋಡಿಯಂ ಹೊರುತ್ತದೆ, ಉಳಿದ 62ನ್ನು ಸಲ್ಫೇಟ್. ಹಾಗಾಗಿ 380 ಸೋಡಿಯಂ ಗೆರೆ ದಾಟಿ ಕ್ಯಾಥೋಡ್ ಕಡೆಗೆ ಬಂದವು. ಸಲ್ಫೇಟಿನ ಮೇಲೆ ಎರಡೆರಡು ಆವೇಶ ಇರುವುದರಿಂದ 310 ಸಲ್ಫೇಟ್ ಅಯಾನುಗಳು 620 ಋಣ ಆವೇಶ ಹೊತ್ತು ಆನೋಡ್ ಕಡೆಗೆ ಹೊರಟುಹೋದವು. 380 ಧನ ಬಂತು, 620 ಋಣ ಹೋಯಿತು: ಒಟ್ಟು 1000. ಹುಟ್ಟಿದ 1000 ಋಣಕ್ಕೆ ಸರಿಹೋಯಿತು. ಆನೋಡ್ ಕಡೆಯ ಲೆಕ್ಕವೂ ಹೀಗೇ ಕೂಡುತ್ತದೆ. ನೀಲಿ, ಹಳದಿ ನೀರು ನಡುವಿನ ಗೆರೆಗೆ ಬಂದಮೇಲೆ ಹೈಡ್ರಾಕ್ಸೈಡ್, ಹೈಡ್ರೋಜನ್ ಅಯಾನುಗಳೂ ಪಾಲು ಕೇಳುತ್ತವೆ, ಆಗ ಶೇಕಡಾವಾರು ಬದಲಾಗುತ್ತದೆ. ಮೊತ್ತ ಬದಲಾಗುವುದಿಲ್ಲ.

ಯಾವ ಅಯಾನು ಎಷ್ಟು ಪಾಲು ಹೊರುತ್ತದೆ ಎಂದು ತುದಿಗಳ ಸಾಂದ್ರತೆ ಅಳೆದು ಕಂಡುಹಿಡಿಯುವ ದಾರಿ ತೋರಿಸಿದ್ದು ಜರ್ಮನಿಯ ಹಿಟ್ಟಾರ್ಫ್, 1853ರಿಂದ ಮುಂದಿನ ವರ್ಷಗಳಲ್ಲಿ. ಇಡೀ ವಿಷಯದಲ್ಲಿ ನನಗೆ ಅತಿ ಜಾಣತನದ್ದು ಅನಿಸುವುದು ಈ ಕೆಲಸವೇ.

ಹಂತ 5: ಹರಿದ ಕರೆಂಟನ್ನು ತೂಕದಲ್ಲಿ ಅಳೆಯಿರಿ

ತಾಮ್ರದ ತಗಡುಗಳನ್ನು ಮರಳು ಕಾಗದದಲ್ಲಿ ಉಜ್ಜಿ, ತೊಳೆದು, ಒಣಗಿಸಿ, ತೂಗಿ ಬರೆದಿಡಿ. ಲೀಟರಿಗೆ ಸುಮಾರು 100 ಗ್ರಾಂ ಮೈಲುತುತ್ತ ಕರಗಿಸಿದ ನೀರಿನಲ್ಲಿ, 5 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಆಳ ಮುಳುಗುವಂತೆ ಎದುರುಬದುರು ನಿಲ್ಲಿಸಿ. ಕರೆಂಟನ್ನು 0.5 ಆಂಪಿಯರಿಗೆ ಹೊಂದಿಸಿ 30 ನಿಮಿಷ ಹರಿಸಿ. ನಡುನಡುವೆ ಮೀಟರ್ ನೋಡಿ ಸರಿಮಾಡುತ್ತಿರಿ.

0.5 ಆಂಪಿಯರ್, 1800 ಸೆಕೆಂಡ್: 900 ಕೂಲಂಬ್ ಆವೇಶ. ಒಂದು ಮೋಲ್ (ಕಣಗಳನ್ನು ಎಣಿಸುವ ಒಂದು ದೊಡ್ಡ ಅಳತೆ) ಎಲೆಕ್ಟ್ರಾನ್ ಅಂದರೆ 96,485 ಕೂಲಂಬ್. ಒಂದು ತಾಮ್ರದ ಅಯಾನಿಗೆ ಎರಡು ಎಲೆಕ್ಟ್ರಾನ್ ಬೇಕು, ಒಂದು ಮೋಲ್ ತಾಮ್ರ 63.5 ಗ್ರಾಂ. ಲೆಕ್ಕ ಹಾಕಿದರೆ ಸುಮಾರು 0.30 ಗ್ರಾಂ. ಕ್ಯಾಥೋಡ್ ಅಷ್ಟು ತೂಕ ಪಡೆಯಬೇಕು, ಆನೋಡ್ ಅಷ್ಟೇ ಕಳೆದುಕೊಳ್ಳಬೇಕು. ಮೈಕಲ್ ಫ್ಯಾರಡೆ 1830ರ ದಶಕದಲ್ಲಿ ಹೇಳಿದ ನಿಯಮ ಇದೇ.

ತೂಗುವ ಮುನ್ನ ಕ್ಯಾಥೋಡನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ಗಾಳಿಗೆ ಒಣಗಿಸಿ. ಒರೆಸಿದರೆ ಹೊಸ ತಾಮ್ರ ಉದುರುತ್ತದೆ, ಕಾಯಿಸಿದರೆ ಕಪ್ಪಾಗಿ ತೂಕ ಹೆಚ್ಚುತ್ತದೆ. ಆನೋಡಿನಿಂದ ಪುಡಿ ಕಳಚಿ ಬೀಳುವುದರಿಂದ ಕ್ಯಾಥೋಡಿನ ತೂಕವನ್ನೇ ನಂಬಿ.

ಇಲ್ಲಿ ತಾಮ್ರದ ಅಯಾನೇ ಎಲೆಕ್ಟ್ರಾನ್ ತೆಗೆದುಕೊಳ್ಳುವುದು. ಆದರೂ ನಡುವಿನ ಹೊರೆಯಲ್ಲಿ ದೊಡ್ಡ ಪಾಲು ಸಲ್ಫೇಟಿನದ್ದೇ. ಹಾಗಾಗಿ ಕ್ಯಾಥೋಡಿಗೆ ಎಳೆತದಿಂದ ಬರುವ ತಾಮ್ರಕ್ಕಿಂತ ಅಲ್ಲಿ ಖರ್ಚಾಗುವ ತಾಮ್ರ ಜಾಸ್ತಿ. ಕೊರತೆ ತುಂಬುವುದು ವಿಸರಣೆ ಮತ್ತು ನೀರಿನ ಓಡಾಟ. ಕಲಕದೆ ಬಿಟ್ಟು ಪಕ್ಕದಿಂದ ಬೆಳಕು ಹಾಯಿಸಿ ನೋಡಿದರೆ ಕ್ಯಾಥೋಡಿನಿಂದ ತೆಳು ನೀಲಿ ನೀರು ಮೇಲೇರುವುದೂ, ಆನೋಡಿನಿಂದ ಗಾಢ ನೀಲಿ ಕೆಳಗಿಳಿಯುವುದೂ ಕಾಣಸಿಗುತ್ತದೆ. ಕರೆಂಟನ್ನು ಅತಿಯಾಗಿ ಏರಿಸಿದರೆ ಕೊರತೆ ತುಂಬುವುದಿಲ್ಲ, ನಯವಾದ ತಾಮ್ರದ ಬದಲು ಕಡುಬಣ್ಣದ ಸಡಿಲ ಪುಡಿ ಕೂರುತ್ತದೆ.

ಲೆಕ್ಕ ತಪ್ಪಿದರೆ ಎಲ್ಲಿ ನೋಡಬೇಕು

ಅನಿಲಗಳನ್ನು ಹಿಡಿದು ಅಳೆದಾಗ ಆಮ್ಲಜನಕ ಹೈಡ್ರೋಜನ್ನಿನ ಅರ್ಧಕ್ಕಿಂತ ಕಡಿಮೆ ಬಂದರೆ ಗ್ರಾಫೈಟ್ ಅದರಲ್ಲಿ ಪಾಲು ತಿಂದಿದೆ. ನೀರಿನಲ್ಲಿ ತೇಲುವ ಕಪ್ಪು ಪುಡಿಯೂ ಅದರದ್ದೇ. ಕರೆಂಟ್ ತಾನಾಗಿ ಇಳಿಯುತ್ತಿದ್ದರೆ ಕಡ್ಡಿಗೆ ಗುಳ್ಳೆ ಅಂಟಿಕೊಂಡಿದೆಯೇ ನೋಡಿ, ತಟ್ಟಿ ಬಿಡಿಸಿ. ಸ್ಟೀಲ್ ಚಮಚವನ್ನು ಆನೋಡ್ ಮಾಡಬೇಡಿ, ಅದರ ಕ್ರೋಮಿಯಂ ಕರಗಿ ವಿಷಕಾರಿ ರೂಪಕ್ಕೆ ತಿರುಗಬಹುದು.

ಮಲ್ಟಿಮೀಟರಿನ ಓಮ್ ಗುರುತಿನಲ್ಲಿ ದ್ರಾವಣದ ರೋಧ ಅಳೆಯಲು ಹೋದರೆ ಅಂಕಿ ನಿಲ್ಲುವುದೇ ಇಲ್ಲ. ಎರಡನೇ ಹಂತದಲ್ಲಿ ಕಂಡ ಪದರವೇ ಇದಕ್ಕೆ ಕಾರಣ. ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟ್ ಬಳಸಿದರೆ ಪದರ ಕಟ್ಟಲು ಸಮಯ ಸಿಗುವುದಿಲ್ಲ. ಕೋಲ್‌ರೌಶ್ ಎಂಬ ವಿಜ್ಞಾನಿ 19ನೇ ಶತಮಾನದಲ್ಲಿ ಹಾಕಿಕೊಟ್ಟ ಈ ದಾರಿಯಲ್ಲೇ ಇಂದಿನ ವಾಹಕತೆ ಮೀಟರುಗಳೂ ನಡೆಯುತ್ತವೆ.

ಎಲ್ಲ ಮುಗಿದಮೇಲೆ ಸೋಡಿಯಂ ಸಲ್ಫೇಟ್ ದ್ರಾವಣವನ್ನು ಸಾಕಷ್ಟು ನೀರು ಸೇರಿಸಿ ಚರಂಡಿಗೆ ಬಿಡಬಹುದು. ಮೈಲುತುತ್ತವನ್ನು ಮಾತ್ರ ಬೇಡ. ಅದು ನೀರಿನ ಜೀವಿಗಳಿಗೆ ವಿಷ. ಬಾಟಲಿಗೆ ತುಂಬಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ತಾಮ್ರದ ತಗಡುಗಳ ನಡುವೆ ಎಷ್ಟು ಇಳಿಯಿತೋ ಅಷ್ಟೇ ಕರಗಿ ಬಂದಿರುವುದರಿಂದ ಅದೇ ದ್ರಾವಣ ಮುಂದಿನ ಸಲಕ್ಕೂ ಆಗುತ್ತದೆ.